ನೋಡಲೇಬೇಕಾದ ಸಿನಿಮಾ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ವಿಜಯನಗರದ ಒಂದು ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಉಳಿದ ಹೊತ್ತಿನಲ್ಲಿ ಸಿಕ್ಕಸಿಕ್ಕವರಿಗೆ ಒಳ್ಳೆಯ ಸಿನಿಮಾ ನೋಡಿ ಎಂದು ಹೇಳುತ್ತಿದ್ದೆ. ಎರಡನೆಯ ಕೆಲಸಕ್ಕೆ ಸಂಬಳವಿರಲಿಲ್ಲ, ಆದರೆ ಶ್ರದ್ಧೆ ಅದರಲ್ಲೇ ಹೆಚ್ಚು. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಕೈಮಗ್ಗದ ಸೀರೆ, ಹೆಗಲಿಗೊಂದು ಬಟ್ಟೆ ಚೀಲ, ಲೋಕದ ಮೇಲೆ ಸಣ್ಣದೊಂದು ಕನಿಕರ, ಇಷ್ಟೇ ನನ್ನ ಆಸ್ತಿ.

ಚಿತ್ರ ಸಮಾಜವೊಂದರ ಸದಸ್ಯಳೂ ಆಗಿದ್ದೆ. ಶನಿವಾರ ಸಂಜೆ ಬಸ್ಸು ಹಿಡಿದು ಹೋಗಿ ಕಬ್ಬಿಣದ ಕುರ್ಚಿಯ ಮೇಲೆ ಕೂತು ಸಿನಿಮಾ ನೋಡುತ್ತಿದ್ದೆ. ಮುಗಿದ ಮೇಲೆ ಗಡ್ಡದವರು ಎದ್ದು ಚರ್ಚೆ ಮಾಡುತ್ತಿದ್ದರು. ಚರ್ಚೆ ಎಷ್ಟು ಅರ್ಥವಾಗದೆ ಹೋಗುತ್ತಿತ್ತೋ ಸಿನಿಮಾ ಅಷ್ಟು ದೊಡ್ಡದೆಂದು ತಿಳಿದು ಮನೆಗೆ ಬರುತ್ತಿದ್ದೆ. ಹಾಗೆ ನೋಡಿದ ಸಿನಿಮಾಗಳಲ್ಲಿ ಒಂದು ನನ್ನನ್ನು ಹಿಡಿದುಬಿಟ್ಟಿತು. ಅದರ ಹೆಸರು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಮಾಡಿದ ಕೆಲಸ ಅದನ್ನು ತೆಗೆದವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಾಲ್ಕು ಜನ ಗೆಳೆಯರು ತಮ್ಮ ಕೈಯಿಂದಲೇ ದುಡ್ಡು ಹಾಕಿಕೊಂಡು ತೆಗೆದ ಕಪ್ಪು ಬಿಳುಪಿನ ಚಿತ್ರ ಅದು. ಹಾಡಿಲ್ಲ, ಹೊಡೆದಾಟವಿಲ್ಲ. ಒಂದು ಸಣ್ಣ ಊರು, ಅಲ್ಲೊಂದು ಜವಳಿ ಅಂಗಡಿಯ ಮನೆತನ. ಯಜಮಾನ ಸತ್ತಮೇಲೆ ಅಂಗಡಿಯ ಗುಮಾಸ್ತನೇ ಅವನ ಇನ್ನೊಂದು ಮನೆಯ ಮಗ ಎಂಬುದು ಹೊರಬೀಳುತ್ತದೆ. ಊರಿಗೆಲ್ಲ ಗೊತ್ತಿದ್ದದ್ದು ಮೊಮ್ಮಗಳಿಗೆ ಮಾತ್ರ ಗೊತ್ತಿರುವುದಿಲ್ಲ. ಆ ಮೊಮ್ಮಗಳ ಮುಗ್ಧತೆ ನನಗೆ ನಂಬಲಸಾಧ್ಯವೆನಿಸಿತ್ತು. ಚಿತ್ರದಲ್ಲಿ ನಾನು ಕಂಡ ಒಂದೇ ಕೊರತೆ ಅದು. ‘ಒಂದೇ ಮನೇಲಿದ್ದು ಇಷ್ಟೂ ತಿಳಿಯದ ಹುಡುಗಿ ಇರ್ತಾಳಾ?’ ಎಂದು ಚರ್ಚೆಯಲ್ಲಿ ಎದ್ದು ನಿಂತು ಕೇಳಿದ್ದೆ. ಗಡ್ಡದವರೊಬ್ಬರು ತಲೆದೂಗಿದ್ದರು.

ಕೆಲವು ತಿಂಗಳ ನಂತರ ಅದೇ ಸಿನಿಮಾ ಟೀವಿಯಲ್ಲಿ ಬರುತ್ತದೆಂದು ಗೊತ್ತಾಯಿತು. ಆಗ ಭಾನುವಾರ ಮಧ್ಯಾಹ್ನ ದೇಶದ ಒಂದೊಂದು ಭಾಷೆಯ ಪ್ರಶಸ್ತಿ ಚಿತ್ರವನ್ನು ಸರದಿಯಂತೆ ಹಾಕುತ್ತಿದ್ದರು. ಅಸ್ಸಾಮಿ, ಬಂಗಾಳಿ, ಗುಜರಾತಿಗಳನ್ನೆಲ್ಲ ದಾಟಿ ಕನ್ನಡ ಬರುವಷ್ಟರಲ್ಲಿ ನಮಗೆ ಕನ್ನಡವೂ ಪರಭಾಷೆಯ ಹಾಗೆ ಕೇಳುತ್ತಿತ್ತು. ನಾನು ಸುದ್ದಿ ಹರಡಲು ಹೊರಟೆ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್‌ಸ್ಟಾಪಿನಲ್ಲಿ ಹೇಳಿದೆ, ಬಸವೇಶ್ವರನಗರದ ನಮ್ಮ ರಸ್ತೆಯ ಮನೆಮನೆಗೂ ಹೇಳಿದೆ. ಕೊನೆಗೆ ಕುರುಬರಹಳ್ಳಿಯ ಟೈಲರ್ ಆಂಟಿಗೂ ಹೇಳಿದೆ.

ಈ ಆಂಟಿ ನಮ್ಮ ಮನೆಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವರು. ನಲವತ್ತು ದಾಟಿದ್ದ ಗಟ್ಟಿ ಹೆಂಗಸು, ಗಂಡನಿಲ್ಲ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು. ಹೊಲಿದ ಬಟ್ಟೆ ಕೊಡಲು ಅವರೇ ನಮ್ಮ ಮನೆಗೆ ಬರುತ್ತಿದ್ದರು. ಆದರೆ ಗೇಟಿನಿಂದ ಒಳಗೆ ಕಾಲಿಟ್ಟವರಲ್ಲ. ಅವರು ಬಂದರೆ ಅಜ್ಜಿ, ಅಂದರೆ ಅಪ್ಪನ ತಾಯಿ, ಎದ್ದು ನಡುಮನೆಗೆ ಹೋಗಿಬಿಡುತ್ತಿದ್ದರು. ಅಜ್ಜಿಯ ಅಳತೆಗೆಂದು ಒಂದು ಹಳೆಯ ರವಿಕೆಯನ್ನು ಅಮ್ಮ ಗೇಟಿನ ಮೇಲಿಂದಲೇ ಕೊಡುತ್ತಿದ್ದಳು. ಇದು ಜಾತಿಯ ವಿಷಯವೆಂದು ನಾನು ತೀರ್ಮಾನಿಸಿದ್ದೆ. ‘ವಚನಕಾರರ ವಂಶ ಅಂತ ಹೇಳ್ಕೊಂಡು ಹೀಗಾ ಅಜ್ಜಿ?’ ಎಂದು ಒಮ್ಮೆ ದೊಡ್ಡ ಭಾಷಣವನ್ನೇ ಮಾಡಿದ್ದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಆಯ್ತು ಮಹಾತಾಯಿ, ಈಗ ಆ ಎಲೆಅಡಿಕೆ ತಟ್ಟೆ ಈ ಕಡೆ ಕೊಡು’ ಎಂದಿದ್ದರು.

ಆಂಟಿ ಆ ದಿನ ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದರು.

‘ಭಾನುವಾರ ನಮ್ಮನೆಗೆ ಬನ್ನಿ ಆಂಟಿ. ಒಂದು ಸಿನಿಮಾ ಇದೆ, ನೋಡಲೇಬೇಕು. ಸಣ್ಣ ಊರಲ್ಲಿ ದೊಡ್ಡ ಮನೆತನದ ಗುಟ್ಟನ್ನ ಹೆಂಗೆ ಮುಚ್ಚಿಡ್ತಾರೆ ಅಂತ ತೋರಿಸಿದಾರೆ. ನಾವು ಕಂಡೇ ಇರದ ಲೋಕ.’

ಆಂಟಿ ಹಲ್ಲಿನಿಂದ ದಾರ ಕಡಿದರು. ‘ಹೌದಾ? ಏನು ಗುಟ್ಟು?’

ನಾನು ಕತೆ ಹೇಳಿದೆ. ಎರಡನೆಯ ಮನೆ, ಮಗ, ಮೊಮ್ಮಗಳು, ಎಲ್ಲ. ಆಂಟಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಕತೆ ನಾಟಿತು ಎಂದುಕೊಂಡೆ.

‘ನಿಮ್ಮಜ್ಜಿ ಇರ್ತಾರಾ?’

‘ಟೀವಿ ಮುಂದಿನ ಕುರ್ಚಿ ಅವರದ್ದೇ. ನೀವು ತಲೆ ಕೆಡಿಸ್ಕೋಬೇಡಿ, ನಾನಿದೀನಲ್ಲ.’

‘ಹಂಗಾದ್ರೆ ಬರ್ತೀನಿ,’ ಎಂದರು ಆಂಟಿ.

ರಾತ್ರಿ ಊಟದ ಹೊತ್ತಿಗೆ ಈ ಸಾಧನೆಯನ್ನು ಮನೆಯವರಿಗೆ ಹೇಳಿದೆ. ಅಪ್ಪ ಕಲೆಸಿದ ಅನ್ನವನ್ನು ಮತ್ತೆ ಕಲೆಸತೊಡಗಿದರು. ಅವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಯಾವುದಕ್ಕೂ ಅವಸರಪಡುವವರಲ್ಲ. ಅಂಥವರು ಇದ್ದಕ್ಕಿದ್ದಂತೆ, ‘ಭಾನುವಾರ ಮಧ್ಯಾಹ್ನ ಎಲ್ರೂ ಕೆಂಗೇರಿಗೆ ಹೋಗ್ಬರೋಣ. ಅಲ್ಲೊಂದು ಸೈಟು ಇದೆಯಂತೆ’ ಎಂದರು.

‘ಮಧ್ಯಾಹ್ನ ಬಿಸಿಲಲ್ಲಾ?’ ಎಂದೆ.

‘ಬಿಸಿಲಲ್ಲೇ ಸೈಟು ಚೆನ್ನಾಗಿ ಕಾಣೋದು.’

ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ‘ಕರೆದಾಗಿದೆ, ಬರ್ಲಿ ಬಿಡಿ’ ಎಂದಳು. ಅಜ್ಜಿಯ ಕಿವಿ ಆ ಹೊತ್ತಿಗೆ ಸರಿಯಾಗಿ ಮಂದವಾಗಿತ್ತು.

ಭಾನುವಾರ ಬಂತು. ಪ್ರಶಸ್ತಿ ಚಿತ್ರವೆಂದರೆ ನಮ್ಮ ರಸ್ತೆಯಲ್ಲಿ ಟೀವಿ ಇಲ್ಲದವರಿಗೂ ಬೇರೆ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಪಕ್ಕದ ಮನೆಯವರೊಬ್ಬರೇ ದಾಕ್ಷಿಣ್ಯಕ್ಕೆ ಬಂದು ಕೂತರು. ಟೀವಿಯಲ್ಲಿ ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ವಾರ್ತೆ ಓದುತ್ತಿದ್ದಾಗ ಗೇಟು ಸದ್ದಾಯಿತು. ಆಂಟಿ ನಿಂತಿದ್ದರು. ಹಸಿರು ರೇಷ್ಮೆ ಸೀರೆ, ಹಣೆಯಲ್ಲಿ ವಿಭೂತಿ. ಇವರೂ ನಮ್ಮವರೇ ಎಂದು ಆಗ ಹೊಳೆಯಿತು. ಹಾಗಾದರೆ ನನ್ನ ಭಾಷಣ ಯಾವುದರ ಮೇಲಿತ್ತು ಎಂದು ಯೋಚಿಸುವಷ್ಟರಲ್ಲಿ ಅವರನ್ನು ಕೈಹಿಡಿದು ಒಳಗೆ ಕರೆತಂದಾಗಿತ್ತು. ಅಜ್ಜಿ ಈ ಸಲ ಏಳಲಿಲ್ಲ. ಪರದೆಯ ಮೇಲಿದ್ದ ಕೈಸನ್ನೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಪ್ಪ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಬಸ್ಸು ಬಂದರೆ ಹತ್ತುವವರಂತೆ ಕೂತಿದ್ದರು.

ಟೀವಿಯ ಮೇಲುಗಡೆ ಗೋಡೆಯಲ್ಲಿ ತಾತನ ಫೋಟೋ ಇತ್ತು. ಪೇಟ, ಮೀಸೆ, ಮೂರು ಬೆರಳಿನ ವಿಭೂತಿ. ನಮ್ಮ ಮನೆತನದ ಚರಿತ್ರೆಯೆಲ್ಲ ಅವರ ಸಾವಿನಲ್ಲಿತ್ತು. ಚಿತ್ರದುರ್ಗದ ಕಡೆಯ ನಮ್ಮ ಊರಿನಲ್ಲಿ, ಶ್ರಾವಣ ಸೋಮವಾರದ ಪೂಜೆಯಲ್ಲಿ ಅಂಗೈಯ ಲಿಂಗವನ್ನೇ ನೋಡುತ್ತಾ ಕೂತಲ್ಲೇ ಲಿಂಗೈಕ್ಯರಾದವರು ಅವರು. ಬಂದ ನೆಂಟರಿಗೆಲ್ಲ ಅಪ್ಪ ಇದನ್ನು ಹೇಳುತ್ತಿದ್ದರು. ನಾನು ಹುಟ್ಟುವ ಮೊದಲೇ ನಡೆದ ಈ ಮಹಾಮರಣದ ಬಗ್ಗೆ ಕಾಲೇಜಿನ ಪತ್ರಿಕೆಗೆ ನಾನೇ ಒಂದು ಲೇಖನ ಬರೆದಿದ್ದೆ.

ಸಿನಿಮಾ ಶುರುವಾಯಿತು. ಮೊದಲ ದೃಶ್ಯದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾಳೆ. ಬಹಳ ಹೊತ್ತು ಆರಿಸುತ್ತಾಳೆ. ಇದರ ಕಾವ್ಯದ ಬಗ್ಗೆ ಚಿತ್ರ ಸಮಾಜದಲ್ಲಿ ಅರ್ಧ ಸಂಜೆ ಚರ್ಚೆಯಾಗಿತ್ತು.

‘ಆ ಅಕ್ಕೀಲಿ ಕಲ್ಲೇ ಇಲ್ಲ,’ ಎಂದರು ಅಜ್ಜಿ. ‘ಸುಮ್ನೆ ಕೈ ಆಡಿಸ್ತಾಳೆ.’

ಪಕ್ಕದ ಮನೆಯವರು ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಎದ್ದು ಹೋದರು. ಉಳಿದವರು ನಾವು ಐದು ಜನ. ಪರದೆಯ ಮೇಲೆ ಯಜಮಾನ ಸತ್ತ, ಗುಮಾಸ್ತ ಅತ್ತ, ಗುಟ್ಟು ಒಡೆಯಿತು. ಸತ್ತವನ ಹೆಂಡತಿ ಜಗಲಿಗೆ ಬಂದು ಆ ಹುಡುಗನ ತಾಯಿಯನ್ನು ಬಾಯಿಗೆ ಬಂದಂತೆ ಬೈಯತೊಡಗಿದಳು. ಅದು ಚಿತ್ರದ ಅತ್ಯುತ್ತಮ ದೃಶ್ಯ. ಎಲ್ಲರ ಮುಖದಲ್ಲೂ ಪರಿಣಾಮ ಕಾಣುತ್ತದೇನೋ ಎಂದು ನಾನು ತಿರುಗಿ ನೋಡಿದೆ.

‘ಇವಳೇನು ಇಷ್ಟು ಬಾಯಿ ಮಾಡ್ತಾಳೆ,’ ಎಂದರು ಅಜ್ಜಿ ಟೀವಿಯ ಕಡೆಗೇ ನೋಡುತ್ತಾ. ‘ನಾನು ಒಂದು ಮಾತೂ ಆಡ್ಲಿಲ್ಲ.’

‘ಆಡಿದ್ರೆ ಚೆನ್ನಾಗಿತ್ತು ದೊಡ್ಡವ್ವಾ,’ ಎಂದರು ಆಂಟಿ. ‘ಬೈತೀರಿ ಬೈತೀರಿ ಅಂತ ನಮ್ಮವ್ವ ಸಾಯೋಗಂಟ ಕಾಯ್ತಾ ಇದ್ದಳು.’

ದೊಡ್ಡವ್ವ. ಕನ್ನಡ ಪಾಠ ಹೇಳುವವಳಿಗೆ ಒಂದು ಪದದ ಅರ್ಥ ಆಗಲು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಗಟ್ಟಿ ಹೆಂಗಸಿನ ಆ ಅಗಲ ಹಣೆ, ತುಸು ಬಾಗಿದ ಮೂಗು ಯಾರದೆಂದು ತಿಳಿಯಲು ನಾನು ದೂರ ಹೋಗಬೇಕಿರಲಿಲ್ಲ, ತಲೆಯೆತ್ತಿ ಫೋಟೋ ನೋಡಿದರೆ ಸಾಕಿತ್ತು. ಸ್ಟೂಲಿನ ಮೇಲಿದ್ದ ಅಪ್ಪನ ಮುಖ ನೋಡಿದರೂ ಸಾಕಿತ್ತು. ಅವರು ನೆಲದ ಮೇಲಿನ ಮೊಸಾಯಿಕ್ ಚುಕ್ಕೆಗಳನ್ನು ಪರೀಕ್ಷಿಸುತ್ತಿದ್ದರು. ಅಮ್ಮ ನನ್ನನ್ನು ನೋಡಿ, ‘ನಿಂಗೆ ಗೊತ್ತಿಲ್ಲ ಅಂತ ನಂಗೆ ಈಗ್ಲೇ ಗೊತ್ತಾಗಿದ್ದು ಕಣೇ’ ಎಂದಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಯಾರೂ ಏಳಲಿಲ್ಲ. ಅಜ್ಜಿ ನನ್ನನ್ನು ಕೇಳಿದರು: ‘ನೀನು ನೋಡಿದೀಯಲ್ಲ, ಕೊನೇಲಿ ಏನಾಗತ್ತೆ?’

‘ಏನೂ ಆಗಲ್ಲ ಅಜ್ಜಿ. ಆ ತಾಯಿ ರಸ್ತೇಲಿ ನಡ್ಕೊಂಡು ಹೋಗ್ತಾಳೆ.’

‘ಎಲ್ಲಿಗೆ?’

‘ಅದನ್ನ ತೋರಿಸಲ್ಲ.’

‘ತೋರಿಸದೆ ಇರೋಕೆ ಸಿನಿಮಾ ಯಾಕೆ ತೆಗೀಬೇಕು?’ ಎಂದ ಅಜ್ಜಿ ಕುರ್ಚಿಯನ್ನು ಟೀವಿಯಿಂದ ತಿರುಗಿಸಿ ಆಂಟಿಯ ಎದುರಿಗೆ ಕೂತರು. ‘ನಿಮ್ಮಪ್ಪ ಹೋದಾಗ ನೀನು ಅಲ್ಲೇ ಇದ್ದೆ, ಅಲ್ವಾ?’

‘ಇದ್ದೆ.’

‘ಕೈಯಾಗೆ ಲಿಂಗ ಇತ್ತಾ?’

ಅಪ್ಪ ಎದ್ದು ನಿಂತರು. ‘ಅವ್ವಾ, ಈಗ ಅದೆಲ್ಲ ಯಾಕೆ...’

‘ನೀನು ಕೂತ್ಕೋ. ನಿನ್ನ ಮಾತು ಮೂವತ್ತು ವರ್ಷ ಕೇಳಿದೀನಿ.’

ಆಂಟಿ ಸೆರಗು ಸರಿಮಾಡಿಕೊಂಡರು. ‘ಲಿಂಗ ಕೊರಳಲ್ಲಿತ್ತು. ಕೈಯಲ್ಲಿ ಮಜ್ಜಿಗೆ ಲೋಟ ಇತ್ತು. ಉಪ್ಪು ಕಮ್ಮಿ ಐತೆ ಅಂದ್ರು. ಅವ್ವ ಉಪ್ಪು ತರೋಕೆ ಒಳಗೆ ಹೋದಳು. ಬರೋದ್ರೊಳಗೆ ಮುಗಿದಿತ್ತು.’

‘ನನ್ನ ಏನಾದ್ರೂ ಕೇಳಿದ್ರಾ?’

‘ಇಲ್ಲ ದೊಡ್ಡವ್ವಾ.’

‘ನಿಮ್ಮವ್ವನ್ನ?’

‘ಇಲ್ಲ. ಉಪ್ಪೊಂದೇ ಕೇಳಿದ್ದು.’

ಅಜ್ಜಿ ತಿರುಗಿ ಗೋಡೆಯ ಮೇಲಿನ ಫೋಟೋ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಅಮ್ಮ ಹತ್ತಿರ ಹೋದಳು. ಅಜ್ಜಿ ನಗುತ್ತಿದ್ದರು. ‘ಅವ್ರಿಗೆ ಯಾವ ಮನೇಲೂ ಉಪ್ಪು ಸರಿಹೋಗ್ಲಿಲ್ಲ ಬಿಡು’ ಎಂದರು. ಆಂಟಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಂತೆ ಕಾಣಲಿಲ್ಲ.

ಉಳಿದ ಕತೆಯನ್ನು ಆ ಸಂಜೆ ಅಮ್ಮನಿಂದ ಕೇಳಿದೆ. ತಾತನ ಆ ಇನ್ನೊಂದು ಮನೆ ನಮ್ಮ ಊರಿನಲ್ಲೇ, ಸಂತೆ ಮೈದಾನದ ಆಚೆ ಇತ್ತು. ಸುದ್ದಿ ಬಂದ ಕೂಡಲೇ ಅಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ತಾತನನ್ನು ತಂದರು. ಪೂಜೆಯ ಕೋಣೆಯಲ್ಲಿ ಕೂರಿಸಿ, ಕೈಗೆ ಲಿಂಗವಿಟ್ಟು, ಆಮೇಲೆ ಊರನ್ನು ಕರೆದರು. ಊರು ಬಂತು, ನೋಡಿತು, ಕೈಮುಗಿಯಿತು. ಗಾಡಿ ಹೋದದ್ದನ್ನೂ ಬಂದದ್ದನ್ನೂ ಕಂಡವರೇ ಎಲ್ಲರಿಗಿಂತ ಗಟ್ಟಿಯಾಗಿ ಶರಣು ಹೇಳಿದರಂತೆ. ಹಾಡಿಲ್ಲದ, ಹೊಡೆದಾಟವಿಲ್ಲದ ಇಂಥದ್ದೊಂದು ಚಿತ್ರವನ್ನು ನಿರ್ದೇಶಿಸಿದವರು ನಮ್ಮ ಮನೆಯಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ನಾನು ಶನಿವಾರ ಶನಿವಾರ ಬಸ್ಸು ಹಿಡಿದು ಎಲ್ಲೆಲ್ಲೋ ಹೋಗುತ್ತಿದ್ದೆ.

ಆಂಟಿಯ ಗಂಡ ತೀರಿಕೊಂಡಾಗ ಅಪ್ಪನೇ ಅವರನ್ನು ಬೆಂಗಳೂರಿಗೆ ಕರೆತಂದು ಕುರುಬರಹಳ್ಳಿಯಲ್ಲಿ ಮನೆ ನೋಡಿಕೊಟ್ಟಿದ್ದರು. ಇದು ಅಮ್ಮನಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಿತ್ತು. ಆ ದಿನ ಅವರಿಗೆ ಒಲೆಯ ಮೇಲಿನ ಹಾಲು ನೆನಪಾದದ್ದು ಅದಕ್ಕೇ ಇರಬೇಕು.

‘ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?’ ಎಂದು ಅಪ್ಪನನ್ನು ಕೇಳಿದೆ.

‘ನೀನು ಲೇಖನ ಬರೆದುಬಿಟ್ಟಿದ್ದೆಯಲ್ಲ,’ ಎಂದರು. ‘ಚೆನ್ನಾಗೂ ಬರೆದಿದ್ದೆ.’

ಮುಂದಿನ ವಾರವೇ ಆಂಟಿ ಗೇಟು ದಾಟಿ ಬಂದು ಅಜ್ಜಿಯ ಅಳತೆಯನ್ನು ಟೇಪು ಹಿಡಿದು ತೆಗೆದುಕೊಂಡರು. ನಾನು ‘ಅತ್ತೆ’ ಎಂದು ಕರೆಯಲು ಕಲಿತೆ. ಮೊದಮೊದಲು ನಾಲಗೆ ಆಂಟಿಯ ಕಡೆಗೇ ಜಾರುತ್ತಿತ್ತು. ಅವರನ್ನು ಒಮ್ಮೆ ಕೇಳಿದೆ, ಅಷ್ಟು ವರ್ಷ ಗೇಟಿನಲ್ಲೇ ನಿಂತವರು ಆ ದಿನ ಹೇಗೆ ಬಂದಿರಿ ಎಂದು. ‘ನಿಮ್ಮ ಮನೆಯಿಂದ ಯಾರೂ ಕರೆದಿರಲಿಲ್ಲ. ನೀನು ಕರೆದೆ. ತಿಳೀದೆ ಕರೆದ್ರೂ ಕರೆದ ಹಾಗೇ ಅಲ್ವಾ?’ ಎಂದರು.

ಸಿನಿಮಾದವರು ಇಲ್ಲಿಗೆ ಮುಗಿಸುತ್ತಿದ್ದರು. ಜೀವನ ಮುಂದುವರಿಯಿತು. ಅಜ್ಜಿಗೂ ಅತ್ತೆಗೂ ಎಂಥ ಸ್ನೇಹ ಬೆಳೆಯಿತೆಂದರೆ ಮಧ್ಯಾಹ್ನವಾದರೆ ಇಬ್ಬರೂ ಕೂತು ತಾತನ ದೋಷಗಳನ್ನು ಒಂದೊಂದಾಗಿ ತೆಗೆದು ಝಾಡಿಸುತ್ತಿದ್ದರು. ತಾತ ಮುಗಿದ ಮೇಲೆ ಅಮ್ಮನ ಅಡುಗೆಗೆ ಬಂದರು. ಭಾನುವಾರ ಬೆಳಿಗ್ಗೆ ತರಕಾರಿ ತರುತ್ತೇನೆಂದು ಹೊರಟು ಈ ತಂಗಿಯ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದ ಅಪ್ಪ ಈಗ ನಿಜವಾಗಿಯೂ ತರಕಾರಿ ತರಬೇಕಾಯಿತು. ಅವರಿಗೆ ತರಕಾರಿ ಆರಿಸಲು ಬರುವುದಿಲ್ಲ ಎಂದು ಆಗ ಗೊತ್ತಾಯಿತು.

ಈ ಮನೆಯಲ್ಲಿ ಅತ್ತೆಯ ಬಗ್ಗೆ ಮೊದಲಿನಿಂದಲೂ ಮರುಗಿದವಳು ಅಮ್ಮ. ಯುಗಾದಿಗೆ, ಗೌರಿಹಬ್ಬಕ್ಕೆ ರವಿಕೆ ಬಟ್ಟೆಯ ಕೆಳಗೆ ಹೋಳಿಗೆ ಮುಚ್ಚಿಟ್ಟು ಗೇಟಿನಾಚೆ ದಾಟಿಸುತ್ತಿದ್ದವಳು ಅವಳೇ. ಒಂದು ದಿನ ಕಾಲೇಜಿನಿಂದ ಬಂದು ನೋಡಿದರೆ ಅಮ್ಮ ಹಿತ್ತಲಲ್ಲಿ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಡುಮನೆಯಿಂದ ಇಬ್ಬರ ಮಾತು ಕೇಳುತ್ತಿತ್ತು. ಹುಳಿಗೆ ಹುಣಸೆ ಜಾಸ್ತಿಯಾಗಿದೆ ಎಂದು ಒಬ್ಬರು, ಬೆಲ್ಲ ಹಾಕಿದ್ದರೆ ಸರಿಯಾಗುತ್ತಿತ್ತು ಎಂದು ಇನ್ನೊಬ್ಬರು.

ಅಮ್ಮ ನನ್ನ ಬಟ್ಟೆ ಚೀಲದ ಕಡೆ ನೋಡಿದಳು.

‘ಇಷ್ಟು ದಿನ ನಂಗೆ ಬರೀ ಅತ್ತೆ ಇದ್ರು,’ ಎಂದಳು. ‘ಈಗ ನಾದಿನೀನೂ ಸೇರ್ಕೊಂಡ್ರು. ಇನ್ಮೇಲೆ ಯಾವ್ದಾದ್ರೂ ಒಳ್ಳೆ ಸಿನಿಮಾ ಇದ್ರೆ ನೀನೊಬ್ಳೇ ನೋಡ್ಕೊಂಡು ಬಾರೇ ತಾಯಿ.’