ಕಾಸಿಂಬಿಯ ಮಗಳು ಕಲಿತ ರಶಿಯನ್

ಇಳಕಲ್ಲಿನಲ್ಲಿ ನನ್ನ ಗಂಟಲಿಗೆ ಹೆಸರಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು, ಅಮಸಿದ್ದಪ್ಪ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಪಕ್ಕದ ಮನೆಯ ಕಾಸಿಂಬಿಯ ಮಗಳು ಫರಹಾನಾ ಪಿಯುಸಿ ಮುಗಿಸಿ, ಹೈದರಾಬಾದಿಗೆ ಹೋಗಿ ರಶಿಯನ್ ಭಾಷೆ ಓದುತ್ತೇನೆ ಎಂದಾಗಲೂ ಅದು ಬಂದಿತ್ತು. ನರ್ಸಿಂಗ್ ಮಾಡು, ಇಲ್ಲವೆ ಬಿಎಡ್ ಮಾಡು ಎಂದು ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಿದೆ. ಈ ಪೇಟೆಯಲ್ಲಿ ಯಾರ ಜೊತೆ ರಶಿಯನ್ ಮಾತಾಡುತ್ತೀ, ಸೀರೆ ಅಂಗಡಿಯವರ ಜೊತೆಯೇ ಎಂದು ಚೇಷ್ಟೆಯನ್ನೂ ಮಾಡಿದೆ. ಹುಡುಗಿ ನಕ್ಕಳು, ಹೋದಳು.

ಕಾಸಿಂಬಿ ಸೀರೆಗೆ ಕೊಂಡಿ ಹಾಕುವಾಕೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಬೆರಳಲ್ಲೇ ಸಿಕ್ಕಿಸುವ ಕೆಲಸ ಅದು. ಆ ದುಡಿಮೆಯಲ್ಲೇ ಮಗಳು ಬಿಎ ಮೂರು ವರ್ಷ, ಎಂಎ ಎರಡು ವರ್ಷ ಓದಿದಳು. ಮೊದಲ ತಿಂಗಳು ರಶಿಯನ್ನಿನ ಮೂವತ್ತಮೂರು ಅಕ್ಷರ ತಿದ್ದುತ್ತ ಹಾಸ್ಟೆಲಿನಲ್ಲಿ ಅಳುತ್ತಿದ್ದಳಂತೆ. ಅವಳ ಜೊತೆಗೆ ಓದಿದವರಲ್ಲಿ ಒಬ್ಬ ದಿಲ್ಲಿಯ ರಾಯಭಾರ ಕಚೇರಿ ಸೇರಿದ, ಒಬ್ಬಳು ತಮಿಳುನಾಡಿನ ಅಣು ವಿದ್ಯುತ್ ಸ್ಥಾವರದಲ್ಲಿ ರಶಿಯಾದ ಎಂಜಿನಿಯರುಗಳಿಗೆ ದುಭಾಷಿ. ಇವಳು ಮಾತ್ರ ಊರಿಗೇ ಬಂದಳು. ಚಳಿಗಾಲದಲ್ಲಿ ಗೋವಾದಿಂದ ಬರುವ ರಶಿಯನ್ನರಿಗೆ ಬಾದಾಮಿಯ ಗುಹೆ ತೋರಿಸುತ್ತಾಳೆ. ಉಳಿದ ದಿನ ಮನೆಯಲ್ಲೇ ಕೂತು, ಬೆಂಗಳೂರಿನ ದವಾಖಾನೆಗಳಿಗೆ ಬರುವ ರಶಿಯನ್ ರೋಗಿಗಳಿಗೂ ಡಾಕ್ಟರರಿಗೂ ನಡುವೆ ಫೋನಿನಲ್ಲಿ ಮಾತು ದಾಟಿಸುತ್ತಾಳೆ. ನಡುನಡುವೆ ನಿನ್ನದೂ ಒಂದೆರಡು ಮಾತು ಸೇರಿಸುತ್ತೀಯೋ ಎಂದು ಒಮ್ಮೆ ಕೇಳಿದ್ದೆ. ಅವಳ ಮುಖ ಗಂಭೀರವಾಯಿತು. ಕೂಡಿಸುವಂತಿಲ್ಲ, ಬಿಡುವಂತಿಲ್ಲ, ನಮ್ಮ ಕಸುಬಿನ ಮೊದಲ ಪಾಠವೇ ಅದು ಎಂದಳು.

ನನ್ನ ಮಗಳು ರಾಜಶ್ರೀ ಎರಡು ವರ್ಷದ ಹಿಂದೆ ಡಾಕ್ಟರಿಕೆ ಓದಲು ರಶಿಯಾಕ್ಕೇ ಹೋದಳು. ಆಗ ನನ್ನ ಚೇಷ್ಟೆ ಬಂದ್ ಆಯಿತು ನೋಡಿ. ಅವಳಿಗೆ ಅಕ್ಷರ ಕಲಿಸಿ ಕಳಿಸಿದವಳು ಈ ಫರಹಾನಾಳೇ.

ಹೋದ ಡಿಸೆಂಬರಿನ ಒಂದು ಮಧ್ಯಾಹ್ನ ರಾಜಶ್ರೀಯ ಗೆಳತಿಯ ಫೋನು ಬಂತು. ಮಗಳು ಹಾಸ್ಟೆಲಿನಲ್ಲಿ ಬಿದ್ದಿದ್ದಾಳೆ, ದವಾಖಾನೆಗೆ ತಂದಿದ್ದೇವೆ, ಎಚ್ಚರವಿಲ್ಲ. ಡಾಕ್ಟರು ಏನೋ ಅವಸರದಲ್ಲಿ ಕೇಳುತ್ತಿದ್ದಾರೆ, ನಮಗೆ ಪೂರಾ ತಿಳಿಯುತ್ತಿಲ್ಲ ಎಂದು ಆ ಹುಡುಗಿ ಅಳುತ್ತಿದ್ದಳು. ನನ್ನ ಹೆಂಡತಿ ದಾನಮ್ಮ ಓಡಿಹೋಗಿ ಫರಹಾನಾಳನ್ನು ಕರೆತಂದಳು. ಸುದ್ದಿ ಹಬ್ಬಿ ಓಣಿಯ ಏಳೆಂಟು ಜನ ಹೊಸ್ತಿಲಲ್ಲಿ ಬಂದು ನಿಂತರು. ಫರಹಾನಾ ಪಡಸಾಲೆಯ ನಡುವೆ ನಿಂತು ಫೋನಿನ ದನಿ ಜೋರು ಮಾಡಿದಳು. ಆ ಕಡೆ ಹೆಂಗಸಿನ ಗಂಟಲು.

"ನಾ ಡಾಕ್ಟರ್ ಮಾತಾಡೂದು," ಎಂದು ಫರಹಾನಾ ಆಕೆಯ ಮಾತನ್ನು ನಮ್ಮ ಭಾಷೆಯಲ್ಲಿ ಹೇಳತೊಡಗಿದಳು. "ನಿಮ್ಮ ಮಗಳಿಗೆ ಮೂರ್ಛಿ ಬಂದೈತಿ, ನಿಂತಿಲ್ಲ. ಇದಕ್ಕ ಮೊದಲ ಎಂದರ ಬಂದಿತ್ತೇನು? ಯಾವುದಾರ ಔಷಧ ಮೈಗೆ ಒಗ್ಗಂಗಿಲ್ಲೇನು?"

"ಇಲ್ಲ," ಎಂದೆ. "ಹುಟ್ಟಿದಾಗಿಂದ ಗಟ್ಟಿಮುಟ್ಟ ಹುಡುಗಿ."

ಹದಿನೈದು ವರ್ಷದಿಂದ ರೂಢಿಯಾದ ಉತ್ತರ ಅದು, ತಾನಾಗಿ ಬಾಯಿಗೆ ಬಂತು. ಹೆಣ್ಣುಮಗಳಿಗೆ ಮೂರ್ಛೆ ಇತ್ತೆಂದು ಗೊತ್ತಾದರೆ ಯಾರು ಮದುವೆಯಾಗುತ್ತಾರೆ? ಸಣ್ಣವಳಿದ್ದಾಗ ಐದಾರು ಸಲ ಬಂದಿತ್ತು. ಎಂಟನೇ ವರ್ಷಕ್ಕೆ ಕೊಟ್ಟ ಒಂದು ಔಷಧ ಒಗ್ಗದೆ ಮೈಯೆಲ್ಲ ಬೊಬ್ಬೆ ಎದ್ದು, ಹುಡುಗಿ ಸತ್ತು ಬದುಕಿದಳು. ಆಮೇಲೆ ಬೇರೆ ಗುಳಿಗೆಗೆ ನಿಂತಿತು. ಬಾಯಿ ಬಿಡಬೇಡ ಎಂದು ರಾಜಶ್ರೀಗೂ ಕಲಿಸಿದವನು ನಾನೇ. ಗೋಡೆಗೆ ಗೋಡೆ ಹತ್ತಿದ ಮನೆ, ಕಾಸಿಂಬಿಗೆ ಮಾತ್ರ ಮುಚ್ಚಿಡಲಾಗಿರಲಿಲ್ಲ. ಮೂರ್ಛೆ ಬಂದಾಗಲೆಲ್ಲ ಮಗುವಿನ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಲು ಓಡಿಬರುತ್ತಿದ್ದವಳು ಆಕೆ, ಹಿಂದೆ ಫರಹಾನಾ.

ನನ್ನ "ಇಲ್ಲ" ಫರಹಾನಾಳ ಬಾಯಿಂದ ಆ ಕಡೆ ಹೋಗಲಿಲ್ಲ. ರಶಿಯನ್ನಿನಲ್ಲಿ ಏನೋ ಚಿಕ್ಕದೊಂದು ಹೇಳಿ, ನನ್ನ ಕಡೆ ತಿರುಗಿದಳು.

"ಒಂದ ನಿಮಿಷ ಕೇಳೇನಿ ಕಾಕಾ. ನೀವು ಏನ್ ಹೇಳ್ತೀರಿ ಅದನ್ನ ಹೇಳ್ತೇನಿ. ಖರೆ ಹೇಳಿದ್ರ ಖರೆ, ಸುಳ್ಳ ಹೇಳಿದ್ರ ಸುಳ್ಳ. ಆಕಿ ಅದನ್ನ ನಂಬಿ ಸೂಜಿ ಚುಚ್ಚತಾಳ."

ದನಿಯಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಹೊಸ್ತಿಲಲ್ಲಿ ನಿಂತವರನ್ನು ನೋಡಿದೆ. ಅವರಲ್ಲಿ ರಾಜಶ್ರೀಯನ್ನು ತನ್ನ ಮಗನಿಗೆ ತರಬೇಕೆಂದಿದ್ದ ಹೆಂಗಸೂ ಇದ್ದಳು. ಆಮೇಲೆ ನನ್ನ ಗಂಟಲು ಬಿಚ್ಚಿತು. ಮೂರ್ಛೆ, ಬೊಬ್ಬೆ, ಗುಳಿಗೆ, ಎಲ್ಲವನ್ನೂ ಇಡೀ ಓಣಿಗೆ ಕೇಳುವಂತೆ ಹೇಳಿಬಿಟ್ಟೆ. ಅಷ್ಟರಲ್ಲಿ ದಾನಮ್ಮ ಟ್ರಂಕಿನ ತಳದಿಂದ ಹಳೆಯ ದವಾಖಾನೆ ಚೀಟಿ ತಂದಿದ್ದಳು. ಸುಟ್ಟುಹಾಕು ಎಂದು ನಾನು ಹೇಳಿದ್ದ ಚೀಟಿ ಅದು. ಫರಹಾನಾ ಔಷಧದ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಎರಡು ಸಲ ಹೇಳಿದಳು. ಇಳಕಲ್ಲಿನ ನನ್ನ ಪಡಸಾಲೆಯಲ್ಲಿ ಆಡಿದ ಮಾತು ಸಾವಿರಾರು ಮೈಲಿ ಆಚೆ, ಹಿಮ ಬೀಳುವ ಊರಿನಲ್ಲಿ, ಹನಿಯೂ ಚೆಲ್ಲದೆ ಮುಟ್ಟುತ್ತಿತ್ತು. ನಾನು ಅಳುವುದನ್ನೂ ಮರೆತು ಆ ಹುಡುಗಿಯ ಬಾಯಿಯನ್ನೇ ನೋಡುತ್ತಿದ್ದೆ.

ಆ ಕಡೆ ಡಾಕ್ಟರು ಯಾರನ್ನೋ ಕೂಗಿದರು. ಫರಹಾನಾ ಡಾಕ್ಟರರ ಮಾತನ್ನು ದಾಟಿಸಿದಳು. "ಅದ ಔಷಧ ಸೂಜಿಗೆ ತುಂಬಿ ಇಟ್ಟಿದ್ದೆ. ಈಗ ಬ್ಯಾರೆ ಕೊಡ್ತೇನಿ."

ಸಂಜೆಗೆ ರಾಜಶ್ರೀ ಕಣ್ಣು ತೆರೆದಳು. ಮರುದಿನ ಫೋನಿನಲ್ಲಿ ಅವಳು ಕೇಳಿದ ಮೊದಲ ಮಾತು, ಎಲ್ಲರಿಗೂ ಗೊತ್ತಾಯಿತೇ ಎಂದು. ಅದು ನಾನೇ ಹೊರಿಸಿದ ಹೆದರಿಕೆ. ಆಗಲಿ ಬಿಡವ್ವ, ನೀ ಇದ್ದೀಯಲ್ಲ ಎಂದೆ.

ನಾಲ್ಕು ದಿನದ ಮೇಲೆ ಫರಹಾನಾ ನಮ್ಮ ಕಟ್ಟೆಗೆ ಬಂದಾಗ ಕೇಳಿದೆ. "ನಾ ಸುಳ್ಳಿಗೇ ನಿಂತಿದ್ರ ಏನ್ ಮಾಡ್ತಿದ್ದಿ ಯವ್ವಾ?"

ಅದನ್ನು ಅವಳು ಆಗಲೇ ಯೋಚಿಸಿ ಮುಗಿಸಿದ್ದಳು.

"ನಿಮ್ಮ ಸುಳ್ಳ ನಿಮ್ಮ ಹೆಸರಲೆ ಹೇಳ್ತಿದ್ದೆ ಕಾಕಾ. ಅದರ ಬೆನ್ನ ಹಿಂದ ಖರೆ ನನ್ನ ಹೆಸರಲೆ ಹೇಳ್ತಿದ್ದೆ. ಆಮ್ಯಾಲ ಈ ಕೆಲಸಾ ಬಿಡ್ತಿದ್ದೆ. ಒಮ್ಮಿ ಕೂಡಿಸಿದಾಕಿನ ಮತ್ತ ಯಾರ ನಂಬಬೇಕು?"

ಅಷ್ಟು ಹೇಳಿ, ಯಾರದೋ ಫೋನು ಬಂತೆಂದು ತನ್ನ ಮನೆಯೊಳಗೆ ಹೋದಳು. ನಾನು ಸಣ್ಣವರ ಮುಂದೆ ಏಳುವ ಮನುಷ್ಯನಲ್ಲ. ಅವತ್ತು ಎದ್ದು ನಿಂತಿದ್ದೆ.