ಕರಿಕಲ್ಲಿನ ಆಚೆಯ ನೀರು

ನಮ್ಮ ಯಜಮಾನರು ತೀರಿಕೊಂಡ ವರ್ಷವೇ ಊರ ಕೆರೆಗೆ ಪೈಪಿನಲ್ಲಿ ನೀರು ಬಂತು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮೂರು. ಕೆರೆಯ ಪಕ್ಕದ ತೋಟಗಳ ಬೋರ್‌ವೆಲ್‌ಗಳು ಚೇತರಿಸಿಕೊಂಡವು. ನಮ್ಮ ಹಿಪ್ಪುನೇರಳೆ ತೋಟದ್ದು ಮಾತ್ರ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತಿತ್ತು. ಕೆರೆಗೂ ನಮಗೂ ನಡುವೆ ನೆಲದೊಳಗೆ ತಾನಾಗಿ ಹುಟ್ಟಿದ ಕರಿಕಲ್ಲಿನ ಗೋಡೆ ಹಾದುಹೋಗಿದೆ, ನೀರು ಅದನ್ನು ದಾಟುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ದಿಬ್ಬದ ಮೇಲೆ ಅದರ ಬೆನ್ನು ಕಾಣುತ್ತದೆ. ನಮ್ಮ ಬದುವಿನ ಹತ್ತಿರ ಮಣ್ಣಿನಲ್ಲಿ ಮುಳುಗುತ್ತದೆ.

ತೋಟ ಕೀಳಿಸಿಬಿಡೋಣ ಎಂದು ಮೈದುನ ಹೇಳುತ್ತಲೇ ಇದ್ದ. ಗಿಡ ನೆಟ್ಟವರು ಅವನ ಅಣ್ಣ. ನಾನು ಹೂಂ ಅನ್ನಲಿಲ್ಲ, ಬೇಡವೆನ್ನಲೂ ಧೈರ್ಯವಿರಲಿಲ್ಲ.

ಆ ಬೇಸಿಗೆಯಲ್ಲಿ ಅಂತರ್ಜಲದ ಅಧ್ಯಯನಕ್ಕೆಂದು ಚಿಕ್ಕಬಳ್ಳಾಪುರದಿಂದ ಒಬ್ಬ ಹುಡುಗಿ ಬಂದಳು. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ನಮ್ಮೂರಿನ ನಕ್ಷೆ ತೋರಿಸಿದಳು. ಕರಿಕಲ್ಲಿಗೆ ಒಂದು ಗೆರೆ ಇರಬೇಕಾದ ಕಡೆ ಹತ್ತಾರು ಗೆರೆಗಳಿದ್ದವು. ದಿಬ್ಬದ ಮೇಲೆ ಒತ್ತಾಗಿದ್ದವು, ನಮ್ಮ ತೋಟದಲ್ಲಿ ಕೆದರಿದ ಕೂದಲಿನಂತೆ ಚದುರಿದ್ದವು.

"ಇದೇನಮ್ಮ, ಕೋಳಿ ಕೆದರಿದಂಗೆ ಮಾಡಿದ್ದೀಯ?" ಎಂದ ಮೈದುನ.

"ಗೋಡೆ ಎಲ್ಲೆಲ್ಲಿದೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ ಅಣ್ಣ. ಒಂದೇ ಗೆರೆ ಎಳೆದ್ರೆ ಸುಳ್ಳು ಹೇಳಿದಂಗೆ. ಪೂರ್ತಿ ಇದೆ ಅಂತ ಒಂದ್ಸಲ ಕಂಪ್ಯೂಟರ್‌ನಲ್ಲೇ ನೀರು ಹರಿಸಿ ಲೆಕ್ಕ ಹಾಕ್ತೀವಿ, ಮಧ್ಯ ತುಂಡಾಗಿದೆ ಅಂತ ಇನ್ನೊಂದ್ಸಲ. ಬಾವಿಗಳಲ್ಲಿರೋ ನೀರಿಗೆ ಯಾವುದು ಹೊಂದುತ್ತೋ ಅದನ್ನ ಇಟ್ಕೊಳ್ತೀವಿ."

"ಅಯ್ಯೋ ದೇವುಡಾ! ಕಂಪ್ಯೂಟರ್‌ನಾಗೆ ಹರಿದ ನೀರು ತೋಟಕ್ಕೆ ಬರ್ತದೇನಮ್ಮ? ಮೊದ್ಲು ಕಾಫಿ ಕುಡಿ."

ಅವಳು ನಕ್ಕು ಕುಡಿದಳು. ಆಮೇಲೆ, ನೀರು ಬೀಳದ ಬೋರು ಏನಾದರೂ ಇದೆಯೇ ಎಂದು ಕೇಳಿದಳು. ಮೈದುನ ಥಟ್ಟನೆ ಇಲ್ಲವೆಂದ. ನಮ್ಮ ಕಡೆ ಫೇಲಾದ ಬೋರಿನ ಮಾತು ಎತ್ತುವುದಿಲ್ಲ. ಬಾಯಿಗೆ ಕಲ್ಲು ಮುಚ್ಚಿ, ಮಣ್ಣೆಳೆದು, ಮೇಲೆ ಉತ್ತುಬಿಡುತ್ತಾರೆ. ಅದರ ಹೆಸರೆತ್ತಿದರೆ ಮುಂದಿನದಕ್ಕೂ ನೀರು ಬೀಳುವುದಿಲ್ಲವೆಂದು ನಂಬಿಕೆ. ಹಾಗಾಗಿ ಅವಳ ನಕ್ಷೆಯಲ್ಲಿ ನೀರು ಬಿದ್ದ ಬೋರುಗಳಷ್ಟೇ ಇದ್ದವು.

"ಎರಡು ಇವೆ," ಎಂದೆ ನಾನು.

"ಅತ್ತಿಗೆ!" ಎಂದ ಮೈದುನ.

"ಇರ್ಲಿ ಬಿಡಪ್ಪ. ಇನ್ನ್ಯಾರು ಕೊರೆಸ್ತಾರೆ?"

ಬದುವಿನ ಹತ್ತಿರದ್ದು ಕೊರೆಸಿದ ದಿನ ಯಜಮಾನರು ಇದ್ದಿಲು ಮಾರುವವರ ಹಾಗೆ ಮನೆಗೆ ಬಂದಿದ್ದರು. ಅಂಗಿಯ ಕರಿ ಪುಡಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹುಣಸೆ ಮರದ ಮೂಲೆಯಲ್ಲಿ ಕೊರೆಸಿದಾಗ ಮಾತ್ರ ಮೈಯೆಲ್ಲ ಬೆಳ್ಳಗಾಗಿತ್ತು. "ಫ್ಲೋರ್ ಮಿಲ್ಲಿಗೆ ಹೋಗಿದ್ರಾ?" ಎಂದು ನಾನು ಕೇಳಿದ್ದಕ್ಕೆ, ನೀರು ಬೀಳದ ಬೇಸರದಲ್ಲೂ ನಕ್ಕಿದ್ದರು. ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಅವರು ಹೋದ ಮೇಲೆ ಅವರ ನಗುವಿನ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವಳು ಎರಡೂ ಜಾಗಗಳಿಗೆ ನಡೆದು ಹೋಗಿ ಗುರುತು ಹಾಕಿಕೊಂಡಳು. ಕೆಲವು ವಾರಗಳ ನಂತರ ಮತ್ತೆ ಬಂದಾಗ ಹುಣಸೆ ಮರದ ಮೂಲೆಯನ್ನು ದಾಟುತ್ತಿದ್ದ ಗೆರೆಗಳು ನಕ್ಷೆಯಲ್ಲಿರಲಿಲ್ಲ.

"ಕರಿಕಲ್ಲು ಕೊರೆದ್ರೆ ಕರಿ ಪುಡಿ ಬರ್ಬೇಕು, ಅಲ್ಲಿ ಬಂದಿದ್ದು ಬಿಳಿ ಪುಡಿ. ಅಲ್ಲಿ ಗೋಡೆ ತುಂಡಾಗಿರಬಹುದು ಅಮ್ಮ. ಹಾಗಿದ್ರೆ ಕೆರೆ ನೀರು ನಿಧಾನವಾಗಿ ಈ ಕಡೆ ಬರುತ್ತೆ. ಆದ್ರೆ ಖಂಡಿತ ಅಂತ ಹೇಳಕ್ಕಾಗಲ್ಲ."

ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಎಲ್ಲರೂ ನನ್ನ ಹತ್ತಿರ ಖಂಡಿತವಾಗಿಯೇ ಮಾತಾಡಿದ್ದರು, ಮೊದಲು ಹುಷಾರಾಗುತ್ತಾರೆಂದು, ಆಮೇಲೆ ಆಗುವುದಿಲ್ಲವೆಂದು. ಈ ಹುಡುಗಿಯ 'ಬಹುದು' ನನಗೆ ಹಿಡಿಸಿತು. ಅಂದು ಸಂಜೆಯೇ ಮೈದುನನಿಗೆ, ಗಿಡ ಕೀಳುವುದು ಬೇಡ, ಕೊಂಬೆ ಸವರಿಸು ಸಾಕು ಎಂದೆ. ಅವನು ಗೊಣಗಿಕೊಂಡೇ ಆಳುಗಳನ್ನು ಕರೆದ.

ಮಳೆಗಾಲ ಕಳೆದ ಮೇಲೆ ಮೋಟರು ಬೆಳಗಿನ ಹೊತ್ತೆಲ್ಲ ಓಡತೊಡಗಿದೆ. ಕೆರೆಯ ನೀರೋ ಮಳೆಯದೋ ಎಂದು ಫೋನಿನಲ್ಲಿ ಕೇಳಿದರೆ, ಇನ್ನೊಂದು ಬೇಸಿಗೆ ನೋಡಬೇಕು ಎನ್ನುತ್ತಾಳೆ ಹುಡುಗಿ. ನೋಡೋಣ. ಸೊಪ್ಪು ಚೆನ್ನಾಗಿ ಚಿಗುರಿದೆ. ಈ ಬೆಳೆಗೆ ರೇಷ್ಮೆ ಹುಳು ಬೇಕೆಂದು ಹೇಳಿ ಕಳಿಸಿದ್ದೇನೆ.