ಜಲಜಾಕ್ಷಿ ಮೇಡಂ ಮತ್ತು ಎರಡನೇ ಸುತ್ತು

ಜಲಜಾಕ್ಷಿ ಮೇಡಂ ತುರುಬಿನಲ್ಲಿ ಹೂವಿನ ಬದಲು ಚಿಮುಟ ಸಿಕ್ಕಿಸಿಕೊಳ್ಳುತ್ತಿದ್ದರು. ಗಡಿಯಾರ ರಿಪೇರಿಯವರು ಬಳಸುವಂಥ, ಚೂಪು ಮೂತಿಯ ಸಣ್ಣ ಸ್ಟೀಲ್ ಚಿಮುಟ. ಭತ್ತದ ಸಾಲಿನ ನಡುವೆ ಬಗ್ಗಿ ನಿಂತಾಗ ಅದು ಬಿಸಿಲಿಗೆ ಹೊಳೆಯುತ್ತಿತ್ತು. ಹೀಗೆ ಬರೆದು ಓದಿಕೊಂಡರೆ ಚಿತ್ರ ಅಚ್ಚುಕಟ್ಟಾಗಿದೆ, ಅದಕ್ಕೇ ಅನುಮಾನ. ನನ್ನ ಬಳಿ ಉಳಿದಿರುವ ಒಂದೇ ಗುಂಪು ಫೋಟೋದಲ್ಲಿ ಅವರು ತಲೆಗೆ ಟವೆಲ್ ಸುತ್ತಿಕೊಂಡಿದ್ದಾರೆ, ತುರುಬೇ ಕಾಣುವುದಿಲ್ಲ. ಚಿಮುಟ ಅಲ್ಲಿದ್ದದ್ದು ಬಹುಶಃ ಎರಡೋ ಮೂರೋ ಸಲ. ಉಳಿದ ದಿನಗಳಿಗೆಲ್ಲ ನಾನೇ ಅದನ್ನು ಸಿಕ್ಕಿಸಿದ್ದೇನೆ. ಅವರ ಕನ್ನಡಕದ ಫ್ರೇಮ್ ಯಾವ ಬಣ್ಣದ್ದೆಂದು ನೆನಪಿಲ್ಲ. ಅದನ್ನು ಹಾಗೇ ಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದಿಂದ ಕುಂಸಿಗೆ ಹೋಗುವ ದಾರಿಯಲ್ಲಿ ಹೊರದೇಶದ ಹಣದಿಂದ ನಡೆಯುತ್ತಿದ್ದ ಒಂದು ಸಣ್ಣ ಭತ್ತದ ತಳಿ ಕೇಂದ್ರವಿತ್ತು. ಮೂರು ಎಕರೆ ಗದ್ದೆ, ಶೀಟಿನ ಒಂದು ಆಫೀಸು, ಬಿತ್ತನೆ ಬೀಜ ಇಡುವ ಒಂದು ಕೋಣೆ. ಮೇಡಂ ಅದರ ಮುಖ್ಯಸ್ಥೆ. ಹಣ ಕೊಡುವವರು ತಳಿಯ ಕೆಲಸದ ಜೊತೆಗೆ ಇನ್ನೊಂದನ್ನು ಅಂಟಿಸಿದ್ದರು: ಭತ್ತ ಬೆಳೆಯುವ, ನಾಟಿಗೆ ಕೊಯ್ಲಿಗೆ ಕೂಲಿ ಹೋಗುವ ಮನೆಗಳ ಯುವಕ ಯುವತಿಯರು ಹೇಗಿದ್ದಾರೆ ಎಂದು ಕೇಳಿ ಬರೆಯಬೇಕು. ಒಮ್ಮೆ ಕೇಳಿ, ಎರಡು ವರ್ಷ ಬಿಟ್ಟು ಅವರನ್ನೇ ಹುಡುಕಿ ಮತ್ತೊಮ್ಮೆ ಕೇಳಬೇಕು. ಸಂಖ್ಯಾಶಾಸ್ತ್ರ ಓದಿ, ಕೆಲಸವಿಲ್ಲದೆ ಆಲ್ಕೊಳದ ಬಾಡಿಗೆ ರೂಮಿನಲ್ಲಿ ಕೂತಿದ್ದ ನನ್ನನ್ನು ಅದಕ್ಕೆ ತೆಗೆದುಕೊಂಡರು.

"ಇಳುವರಿ ನಾನು ಅಳೀತೀನಿ, ಸುಖ ನೀನು ಅಳೆ ಮಾರಾಯ," ಎಂದರು ಮೊದಲ ದಿನ. "ನಿನ್ನ ಕೆಲಸವೇ ಕಷ್ಟ. ಭತ್ತ ಯಾರ ಮುಲಾಜಿಗೂ ಸುಳ್ಳು ಹೇಳಲ್ಲ."

ಅವರ ಕೆಲಸವೇನೂ ಸುಲಭದ್ದಾಗಿರಲಿಲ್ಲ. ಭತ್ತದ ಒಂದೊಂದು ಹೂವಿನೊಳಗೂ ಆರು ಪರಾಗದ ಚೀಲಗಳಿರುತ್ತವೆ, ಸೊಳ್ಳೆಯ ಕಾಲಿನಷ್ಟು ಸಣ್ಣವು. ಬೆಳಗ್ಗೆ ಬೇಗ ಹೂವಿನ ತುದಿ ಕತ್ತರಿಸಿ ಆ ಆರನ್ನೂ ಚಿಮುಟದಿಂದ ತೆಗೆದು, ತೆನೆಗೆ ಬಟರ್ ಪೇಪರಿನ ಚೀಲ ಕಟ್ಟಬೇಕು. ಮರುದಿನ ಹತ್ತೂವರೆಯಿಂದ ಸುಮಾರು ಒಂದು ಗಂಟೆಯ ಹೊತ್ತು ಮಾತ್ರ ಇನ್ನೊಂದು ತಳಿಯ ಪರಾಗ ಉದುರುತ್ತದೆ. ಅಷ್ಟರಲ್ಲಿ ತಂದು ಇದರ ಮೇಲೆ ಕೊಡವಬೇಕು. ಆರರಲ್ಲಿ ಒಂದು ಒಳಗೆ ಉಳಿದರೂ ಗಿಡ ತನ್ನಲ್ಲೇ ಕಾಳು ಕಟ್ಟುತ್ತದೆ. ನಾವು ಅದನ್ನು ಹೊಸ ತಳಿ ಎಂದು ಚೀಟಿ ಕಟ್ಟಿಕೊಂಡು ಕಾಯುತ್ತೇವೆ.

ನನಗೂ ಒಂದು ತೆನೆ ಕೊಟ್ಟು ಕೂರಿಸಿದರು. ನಾನು ಮುಗಿಸಿದ್ದನ್ನು ಭೂತಗನ್ನಡಿಯಲ್ಲಿ ನೋಡಿ, "ಇದ್ರಲ್ಲಿ ಐದೇ ತೆಗ್ದಿದೀಯ. ಮೊದಲಿಂದ ಮಾಡು," ಎಂದರು. ಮೂರನೇ ಸಲ ಹಾಗೆಂದಾಗ ನನ್ನ ಮುಖ ಊದಿರಬೇಕು. "ನಮ್ಮಪ್ಪ ಸಂಸ್ಕೃತದ ಮೇಷ್ಟ್ರು. ಒಂದು ಸ್ವರ ತಪ್ಪಿದ್ರೆ ಹುಡುಗ್ರಿಗೆ ಇಡೀ ಅಧ್ಯಾಯ ಮತ್ತೆ ಹೇಳಿಸ್ತಿದ್ರು. ನಾನು ಅಷ್ಟು ಕೆಟ್ಟವಳಲ್ಲ ಅಂತ ಎಲ್ರೂ ಹೇಳ್ತಾರೆ," ಎಂದು ನಾಲ್ಕನೇ ತೆನೆ ಕೊಟ್ಟರು.

ಬಿಸಿಲು ಏರಿದರೆ ಅವರು ಕೊಡೆ ಬಿಚ್ಚುತ್ತಿದ್ದರು, ತಮಗಲ್ಲ, ತೆನೆಗೆ. ಗದ್ದೆ ಕೆಲಸದ ಹಾಲಮ್ಮ ಒಮ್ಮೆ, "ಬಾಣಂತಿಗೂ ಯಾರೂ ಹಿಂಗೆ ಕೊಡೆ ಹಿಡಿಯಲ್ಲ ಕಣ್ರವ್ವ," ಎಂದು ನಗಾಡಿದಳು.

"ಬಾಣಂತಿ ಬೇಕಾದ್ರೆ ಬಾಯಿಬಿಟ್ಟು ಕೇಳ್ತಾಳೆ ಕಣೆ. ಇದು ಕೇಳಲ್ವಲ್ಲ!"

ಇನ್ನೊಂದು ಪ್ರಸಂಗ ಇಲಿಗಳದ್ದು. ತಳಿಗಳನ್ನು ಹೋಲಿಸಲು ಬೆಳೆಸಿದ್ದ ಮಡಿಗಳಲ್ಲಿ ಒಂದನ್ನು ಕೊಯ್ಲಿಗೆ ಮುಂಚೆ ಇಲಿ ತಿಂದುಹಾಕಿತು. ಹಾಗೆ ಕಳೆದುಹೋದ ಮಡಿಯ ಇಳುವರಿಯನ್ನು ಅಕ್ಕಪಕ್ಕದ ಮಡಿಗಳಿಂದ ಅಂದಾಜಿಸುವ ಸೂತ್ರವೊಂದಿದೆ. ನಾನು ಅದನ್ನು ಹಾಕಿ, ದಶಮಾಂಶದ ಎರಡು ಸ್ಥಾನದವರೆಗೆ ಉತ್ತರ ತಂದು ಹೆಮ್ಮೆಯಿಂದ ಅವರ ಮುಂದಿಟ್ಟೆ. ಮೇಡಂ ಅದನ್ನು ಹೊಡೆದುಹಾಕಿದರು.

"ಇಲಿ ತಿಂದಿದ್ದನ್ನ ಕಾಗದದಲ್ಲಿ ಬೆಳೆಸ್ತೀಯೇನೋ? ಗೀಟು ಹಾಕು."

"ಪುಸ್ತಕದಲ್ಲಿದೆ ಮೇಡಂ."

"ಪುಸ್ತಕ ಬರೆದವ್ರ ಗದ್ದೆಗೆ ಇಲಿ ಬಂದಿರಲ್ಲ."

ಅವರು ಎಂಟು ವರ್ಷದಿಂದ ಹಿಂದೆ ಬಿದ್ದಿದ್ದ ತಳಿಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ: ನಲವತ್ತೊಂದು. ಗಾಳಿಗೆ ನೆಲ ಕಚ್ಚುತ್ತಿರಲಿಲ್ಲ, ಬೆಂಕಿರೋಗ ತಡೆಯುತ್ತಿತ್ತು, ಅನ್ನ ಮೆತ್ತಗಿತ್ತು. ಇನ್ನು ಎರಡು ಹಂಗಾಮು ರೈತರ ಗದ್ದೆಯಲ್ಲಿ ಬೆಳೆದು ತೋರಿಸಿದರೆ ಬಿಡುಗಡೆಗೆ ಕಳಿಸಬಹುದಿತ್ತು. ಮೇಡಂ ಮದುವೆಯಾಗಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಿ ಜನ ಮಾತಾಡುತ್ತಿದ್ದರು. ನಾನು ಕಲ್ಪಿಸುವುದಿಲ್ಲ.

ಮುರುಗೇಶನನ್ನು ನಾನು ನೋಡಿದ್ದು ಒಂದೇ ಸಲ, ಪ್ರಶ್ನೆ ಕೇಳಲು ಹೋದ ಮೊದಲ ಸುತ್ತಿನಲ್ಲಿ. ಭದ್ರಾವತಿಯಲ್ಲಿ, ಕಾರ್ಖಾನೆಯ ಹಿಂದಿನ ತಮಿಳರ ಓಣಿಯಲ್ಲಿ ಅವರ ಮನೆ. ಅಪ್ಪ ಕಂಟ್ರಾಕ್ಟರ್ ಕೈಕೆಳಗೆ ಕೆಲಸಗಾರ. ಅಮ್ಮ ಅಂಜಲಮ್ಮ ನೀರಾವರಿ ಚಾನೆಲ್ ಕೆಳಗಿನ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದಳು, ಕೊಯ್ಲಿನಲ್ಲಿ ಮಗನೂ ಜೊತೆಗೆ. ಇಪ್ಪತ್ತೊಂದು ವರ್ಷ, ಪಿಯುಸಿ ಫೇಲು. ನಾನು ಐದನೇ ಪ್ರಶ್ನೆಗೆ ಬರುವಷ್ಟರಲ್ಲಿ ಅವನು ನಕ್ಕು, "ಎಲ್ಲದಕ್ಕೂ ಚೆನ್ನಾಗಿದೀನಿ ಅಂತ ಹಾಕ್ಕೊಳ್ಳಿ ಸಾರ್. ನಿಮಗೂ ಬೇಗ ಮುಗಿಯುತ್ತೆ," ಎಂದ.

ಎರಡು ವರ್ಷದ ನಂತರ, ಯುಗಾದಿ ಕಳೆದ ಮೇಲೆ, ಎರಡನೇ ಸುತ್ತಿಗೆ ಹೋದಾಗ ಆ ಮನೆಗೆ ಬೀಗ. ಪಕ್ಕದವರೂ ಇರಲಿಲ್ಲ. ಬಿಸಿಲು ಜೋರಾಗಿತ್ತು. ನಾನು ಭದ್ರಾವತಿ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಬೆಂಚಿನಲ್ಲಿ ಕೂತು, ಮೊದಲ ಫಾರಂ ನೋಡಿಕೊಂಡು ಎರಡನೆಯದನ್ನು ತುಂಬಿದೆ. ಅವನ ಓರಗೆಯವರು ಏನು ಹೇಳಿದ್ದರೋ ಅದರ ಸರಾಸರಿ. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ. ಕೆಳಗೆ ಅವನ ಸಹಿಯನ್ನೂ ಹಾಕಿದೆ. ಆ ವಾರ ನಾನು ಹೀಗೆ ಕೂತಲ್ಲೇ ತುಂಬಿದ್ದು ಒಟ್ಟು ಹದಿನಾಲ್ಕು ಫಾರಂ.

ಹಣ ಕೊಡುವವರು ಶಿಸ್ತಿನ ಜನ. ಎರಡೂ ಸುತ್ತು ಮುಗಿಸಿದ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಹೋಗಬೇಕೆಂದಿದ್ದರು. ಶಿವಮೊಗ್ಗದಲ್ಲೇ ಅಚ್ಚು ಹಾಕಿಸಿದೆವು. 'ನಮ್ಮ ಕಾರ್ಯಕರ್ತರೊಂದಿಗೆ ಮಾತನಾಡಿದ್ದಕ್ಕೆ ವಂದನೆಗಳು. ನೀವು ಕ್ಷೇಮವಾಗಿರುವುದನ್ನು ತಿಳಿದು ಸಂತೋಷವಾಯಿತು.' ಭೇಟಿಯ ತಾರೀಕಿಗೆಂದು ಖಾಲಿ ಜಾಗ. ಅದನ್ನು ತುಂಬಿ ಅಂಚೆಗೆ ಹಾಕಿದವನೂ ನಾನೇ.

ಅಂಜಲಮ್ಮ ಕೇಂದ್ರಕ್ಕೆ ಬಂದದ್ದು ಮಳೆಗಾಲದ ಭತ್ತ ಹೂಬಿಟ್ಟಿದ್ದಾಗ, ಹತ್ತೂವರೆಯ ಹೊತ್ತಿಗೆ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಆ ಕಾರ್ಡ್, ಒಂದು ಪ್ಲಾಸ್ಟಿಕ್ ಕವರ್. ನನ್ನನ್ನು ಕಂಡವಳೇ ಮುಖ ಅರಳಿಸಿದಳು.

"ತಂಬಿ, ನೀವೇ ಅಲ್ವಾ ಮನೆಗೆ ಬಂದಿದ್ದು? ಎಲ್ಲಿ ನೋಡಿದ್ರಿ ಅವನ್ನ? ಯಾವ ಊರು?"

ನಾನು ಬೆಂಚು ತೋರಿಸಿದೆ. ಅವಳು ಕೂರಲಿಲ್ಲ.

"ಅವನು ಮನೆ ಬಿಟ್ಟಿದ್ದು ಯುಗಾದಿಗೆ ಮುಂಚೆ. ಹುಡುಕದ ಜಾಗ ಇಲ್ಲ. ಪಕ್ಕದ ಮನೆ ಹುಡುಗಿ ಇದನ್ನ ಓದಿ ಹೇಳಿದ್ಲು, ಯುಗಾದಿ ಆದ್ಮೇಲಿಂದು ತಾರೀಕು ಐತಂತೆ. ನಿಮ್ಮ ಹತ್ರ ಮಾತಾಡಿದಾನಂತೆ, ಚೆನ್ನಾಗಿದಾನಂತೆ. ಎರಡು ಶರಟು ತಂದಿದೀನಿ. ಬಸ್ ನಂಬರ್ ಹೇಳಿ ಸಾಕು, ನಾನೇ ಹೋಗ್ತೀನಿ."

ಮೇಡಂ ಗದ್ದೆಯಿಂದ ಬಂದರು. ಪರಾಗ ಉದುರುವ ಹೊತ್ತಿನಲ್ಲಿ ಅವರು ಗದ್ದೆ ಬಿಟ್ಟು ಬಂದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಕಾರ್ಡ್ ಓದಿದರು, ಅಂಜಲಮ್ಮನ ಮಾತನ್ನೂ ಪೂರ್ತಿ ಕೇಳಿಸಿಕೊಂಡರು, ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ಯಾ?"

ನಾನು ಕಾರ್ಡನ್ನೇ ನೋಡುತ್ತಿದ್ದೆ.

"ಆ ಹುಡುಗನ್ನ ನೋಡಿದ್ಯಾ ಅಂತ ಕೇಳ್ದೆ."

"ಇಲ್ಲ ಮೇಡಂ."

"ಅವ್ರಿಗೆ ಹೇಳು."

ನನ್ನಿಂದ ಆಗಲಿಲ್ಲ. ಅವರು ಕಾದರು. ಕೊನೆಗೆ ತಾವೇ ಹೇಳಿದರು: "ಇವನು ನಿಮ್ಮ ಮಗನ್ನ ನೋಡಿಲ್ಲ ಅಮ್ಮ. ನೋಡಿದೆ ಅಂತ ಬರೆದಿದಾನೆ. ತಪ್ಪು ನಮ್ದು."

"ಮತ್ತೆ ಚೆನ್ನಾಗಿದೀನಿ ಅಂದಿದ್ದು?"

"ಅದೂ ಇವನೇ ಬರೆದಿದ್ದು."

ಅಂಜಲಮ್ಮ ಅಳಲಿಲ್ಲ. ಕವರನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಹಾಗಾದರೆ ಮೊದಲ ಸಲ ಬಂದಾಗ ಬರೆದುಕೊಂಡದ್ದಾದರೂ ನಿಜವೇ ಎಂದು ಕೇಳಿದಳು. ಮೇಡಂ ಬೀರುವಿನಿಂದ ಆ ಫಾರಂ ತೆಗೆದು, ಪಕ್ಕದಲ್ಲಿ ಕೂತು ಓದತೊಡಗಿದರು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಸ್ಕೂಲಿನಲ್ಲಿ ಹಾಜರಿ ಕರೆದಂತೆ.

"ಕಷ್ಟ ಬಂದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ? ಅಮ್ಮ."

"ನನ್ನ ಹತ್ರ ಏನೂ ಹೇಳ್ತಿರ್ಲಿಲ್ಲ," ಎಂದಳು ಅಂಜಲಮ್ಮ.

ಮೇಡಂ ನಿಲ್ಲಿಸಿದರು. "ಮುಂದೆ ಓದ್ಲಾ?"

"ಓದಿ."

"ಮನೆ ಬಿಟ್ಟು ಹೋಗಬೇಕೆಂದು ಅನಿಸಿದ್ದುಂಟೇ? ಇಲ್ಲ."

ಪೂರ್ತಿ ಓದಿ ಮುಗಿಸಿದ ಮೇಲೆ ಆಕೆ, "ಆ ಅಮ್ಮ ಅಂದಿದ್ದು ಇನ್ನೊಂದ್ಸಲ ಓದಿ," ಎಂದಳು. ಮೇಡಂ ಓದಿದರು. ಮುರುಗೇಶ ನಿಜವಾಗಿಯೂ 'ಅಮ್ಮ' ಎಂದನೋ, ಇಲ್ಲ ಅವನು ನಕ್ಕು ಏನಾದರೂ ಹಾಕ್ಕೊಳ್ಳಿ ಎಂದಾಗ ನಾನೇ ಬರೆದೆನೋ, ನನಗೆ ಆಗಲೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಿತ್ತು ಎಂದು ಈಗ ಬರೆಯುವುದು ಸುಲಭ.

ಆಕೆಯನ್ನು ಮನೆಗೆ ಬಿಡಲು ನಾವಿಬ್ಬರೂ ಭದ್ರಾವತಿಯವರೆಗೆ ಬಸ್ಸಿನಲ್ಲಿ ಹೋದೆವು. ದಾರಿಯ ಮಾತು ಯಾವುದೂ ನನಗೆ ನೆನಪಿಲ್ಲ. ಮುರುಗೇಶನ ಅಪ್ಪ ಆಗಷ್ಟೇ ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಮೇಡಂ ಎಲ್ಲವನ್ನೂ ಹೇಳಿ, ಆ ಕಾರ್ಡನ್ನು ವಾಪಸ್ ಕೊಡಿ, ಹರಿದುಹಾಕುತ್ತೇವೆ ಎಂದರು. ಆತ ಅದನ್ನು ತಿರುಗಿಸಿ ವಿಳಾಸದ ಮೇಲೆ ಬೆರಳಾಡಿಸಿದ.

"ಇರ್ಲಿ ಬಿಡಿಮ್ಮ. ಅವನ ಹೆಸರಿಗೆ ಅಂತ ಪೋಸ್ಟಲ್ಲಿ ಬಂದಿರೋದು ಇದೊಂದೇ."

ಗೋಡೆಯ ದೇವರ ಪಟದ ಹಿಂದೆ ಅದನ್ನು ಸಿಕ್ಕಿಸಿಟ್ಟ.

ಮರುದಿನ ಮೇಡಂ ಹಣ ಕೊಡುವವರಿಗೆ ಕಾಗದ ಬರೆದರು. ಎರಡನೇ ಸುತ್ತಿನ ಫಾರಂಗಳನ್ನು ನಂಬಬಾರದು, ಎಲ್ಲವನ್ನೂ ಬಿಟ್ಟುಬಿಡಿ ಎಂದು. ಟೈಪ್ ಮಾಡಲು ನನಗೇ ಕೊಟ್ಟರು.

"ಎಲ್ಲ ಯಾಕೆ ಮೇಡಂ? ಅದೊಂದನ್ನ ತೆಗೆದ್ರೆ ಸಾಕಲ್ವಾ?" ಎಂದೆ.

"ಒಂದು ಗೊತ್ತಾಯ್ತು. ಗೊತ್ತಾಗದೇ ಇರೋದು ಎಷ್ಟಿದೆಯೋ?"

ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ. ಹದಿನಾಲ್ಕು ಎಂಬುದನ್ನು ಹೇಳದೆ ಟೈಪ್ ಮಾಡಿದೆ. ಆ ಕಾಗದ ಹೋದರೆ ದುಡ್ಡು ನಿಲ್ಲಬಹುದೆಂದು, ನಿಂತರೆ ನಲವತ್ತೊಂದು ರೈತರ ಗದ್ದೆ ಮುಟ್ಟುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಾಗೇ ಆಯಿತು. ಆ ಕೊಯ್ಲಿನ ನಂತರ ಕೇಂದ್ರ ಮುಚ್ಚಿತು. ನಲವತ್ತೊಂದರ ಬೀಜವನ್ನು ಮೇಡಂ ಕಾಗದದ ಚೀಲಗಳಲ್ಲಿ ಕಟ್ಟಿ ಒಂದೆರಡು ಕಡೆ ಕೊಟ್ಟು ನೋಡಿದರು. ಯಾರೂ ಬೆಳೆಸಲಿಲ್ಲ. ನನ್ನನ್ನು ಅವರು ಬೈಯಲಿಲ್ಲ. ಬೇರೆ ಕೆಲಸಕ್ಕೆ ಶಿಫಾರಸು ಪತ್ರ ಕೇಳಿದಾಗ ಮಾತ್ರ, "ಅದು ನನ್ನಿಂದ ಆಗಲ್ಲ ಮಾರಾಯ," ಎಂದರು. ಮುರುಗೇಶ ಸಿಕ್ಕಿದನೇ ಇಲ್ಲವೇ ನನಗೆ ತಿಳಿಯದು. ಕೇಳಲು ನಾನು ಆ ಓಣಿಗೆ ಹೋಗಲಿಲ್ಲ.

ಮೇಡಂ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಅದಕ್ಕೂ ಒಂದು ವರ್ಷ ಹಿಂದೆ ಸವಳಂಗ ರಸ್ತೆಯ ಅವರ ಮನೆಗೆ ಒಮ್ಮೆ ಹೋಗಿದ್ದೆ. ಈ ಭೇಟಿಯೊಂದರ ಬಗ್ಗೆ ನನಗೆ ಅನುಮಾನವಿಲ್ಲ. ತುಂಬ ಇಳಿದುಹೋಗಿದ್ದರು. ತಾವೇ ಕಾಫಿ ಮಾಡಿ ತಂದು, ಹೆಂಡತಿ ಮಕ್ಕಳನ್ನು ವಿಚಾರಿಸಿ, ಆಮೇಲೆ ಕೇಳಿದರು:

"ಅವತ್ತು ಎಷ್ಟು ಫಾರಂ ಹಾಗೆ ತುಂಬಿದ್ದೆ ನೀನು? ಈಗಾದ್ರೂ ಹೇಳು, ಏನೂ ಅಂದ್ಕೊಳ್ಳಲ್ಲ."

"ಅದೊಂದೇ ಮೇಡಂ."

"ಒಂದೇನಾ?"

"ಒಂದೇ."

"ಉಳಿದವ್ರೆಲ್ಲ ನಿಜವಾಗ್ಲೂ ಸಿಕ್ಕಿದ್ರಾ? ಅವ್ರೇ ಹೇಳಿದ್ದಾ?"

"ಹೂಂ."

ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಬಸ್ಸುಗಳು ಹೋಗುತ್ತಿದ್ದವು.

"ಹಾಗಾದ್ರೆ ನಾನು ಆ ಕಾಗದ ಬರೀಬಾರ್ದಿತ್ತು," ಎಂದರು.

ಕಾಫಿ ಇನ್ನೂ ಅರ್ಧ ಲೋಟ ಇತ್ತು. ಕುಡಿದು ಮುಗಿಸಿದೆ.